ಮೊಣಕಾಲುದ್ದ ಬಿಟ್ಟ ನೀರು

ನಮ್ಮ ಓಣಿಯಲ್ಲಿ ಈಗ ಬಾವಿ ಉಳಿದಿರುವುದು ನಮ್ಮ ಹಿತ್ತಲಲ್ಲಿ ಮಾತ್ರ. ಉಳಿದವರು ತಂತಮ್ಮ ಬಾವಿಗೆ ಚಪ್ಪಡಿ ಎಳೆದು, ಅದರ ಮೇಲೆ ಸ್ಕೂಟರ್ ನಿಲ್ಲಿಸಿ, ಬೋರು ಕೊರೆಸಿಕೊಂಡು ಹಾಯಾಗಿದ್ದಾರೆ. ಬೇಸಿಗೆಯಲ್ಲಿ ಆ ಬೋರು ಕೆಮ್ಮಲು ಶುರು ಮಾಡಿದಾಗ ಕೊಡ ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ. ನಾನು ಕೊಡುತ್ತೇನೆ. ಆದರೆ ಒಂದೆರಡು ಮಾತು ಅಂದು ಕೊಡುತ್ತೇನೆ. ಸುಮ್ಮನೆ ಕೊಟ್ಟರೆ ಮರುದಿನ ಎರಡು ಕೊಡ ತರುತ್ತಾರೆ.

ವರ್ಷಕ್ಕೊಮ್ಮೆ, ಬಸವ ಜಯಂತಿ ಮುಗಿದು ಮಳೆ ಹಿಡಿಯುವುದರೊಳಗೆ, ಆ ಬಾವಿಯ ರಾಡಿ ತೆಗೆಸುತ್ತೇನೆ. ಈ ವರ್ಷ ಬಂದವನು ಹೊಸಬ. ಮೋಟರ್ ಇಳಿಸಿ ಬೆಳಗಿನಿಂದ ನೀರು ಎತ್ತಿದ. ನೀರು ಮೊಣಕಾಲಿನಷ್ಟು ಉಳಿದಾಗ ನಾನು ಸಾಕು, ಬಂದ್ ಮಾಡು ಎಂದೆ. ಇಷ್ಟು ತೆಗೆದ ಮೇಲೆ ತಳಕ್ಕೆ ಇನ್ನೆಷ್ಟು ಹೊತ್ತು, ಪೂರ್ತಿ ತೆಗೆದೇ ಬಿಡೋಣ ಎಂದು ಬಾವಿಗೆ ಇಳಿದಿದ್ದ ಅವನು ಕೆಳಗಿನಿಂದಲೇ ವಾದ ಹೂಡಿದ.

"ತಳಾ ಕಂಡ್ರ ಸಮುದ್ರ ಬರ್ತೈತಿ," ಎಂದೆ ನಾನು.

ಅವನು ಮುಖ ಮೇಲೆತ್ತಿ ನನ್ನನ್ನು ನೋಡಿದ. ಈ ಹೆಂಗಸಿನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಿದ್ದು ಅದು. ಬೆಳಗಾವಿಯ ಹಳೇ ಪೇಟೆಯ ನಡುವೆ ನಿಂತು ಸಮುದ್ರದ ಮಾತಾಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಕೊನೆಗೆ ಅವನು ಮೊಣಕಾಲುದ್ದ ನೀರಿನಲ್ಲೇ ನಿಂತು, ಬುಟ್ಟಿಯಿಂದ ತಡಕಾಡಿ ರಾಡಿ ತೆಗೆದು ಮೇಲೆ ಬಂದ. ಚಹಾ ಕೊಟ್ಟು ಕಳಿಸಿದೆ. ಕಾರಣ ಹೇಳುತ್ತ ಕೂತರೆ ಅವನ ದಿನವೇ ಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಮಾತು ನನ್ನದಲ್ಲ, ಅಪ್ಪನದು. ರವಿವಾರ ಪೇಟೆಯಲ್ಲಿ ಅಪ್ಪನಿಗೆ ಬೆಲ್ಲದ ಅಡತಿ ಅಂಗಡಿ ಇತ್ತು. ಪೆಂಟಿಯ, ಅಂದರೆ ಬೆಲ್ಲದ ಅಚ್ಚಿನ, ಮೂಲೆಯಿಂದ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟರೆ ಅದು ಯಾವ ಕಡೆಯ ಬೆಲ್ಲ, ಯಾವ ಮಣ್ಣಿನ ಕಬ್ಬು ಎಂದು ಹೇಳುತ್ತಿದ್ದ. ಆ ನಾಲಿಗೆಯ ಮೇಲೆ ಅವನಿಗೆ ವಿಪರೀತ ಅಭಿಮಾನ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎನ್ನುವ ತೀರ್ಪು ಅವನದೇ. ಅವ್ವ ಅದಕ್ಕೆ ತಲೆಬಾಗಿದಂತೆ ನಟಿಸಿ ತನಗೆ ಬೇಕಾದ ಹಾಗೆಯೇ ಅಡಿಗೆ ಮಾಡುತ್ತಿದ್ದಳು.

ಅಪ್ಪನ ಇನ್ನೊಂದು ಗುಣವೆಂದರೆ ಕೇಳದೆ ಉಪಕಾರ ಮಾಡುವುದು. ಎದುರು ಮನೆಯ ಬಾಗಿಲು ಕಿರುಗುಟ್ಟಿದರೆ ತಾನೇ ಎಣ್ಣೆಯ ಗಿಂಡಿ ಹಿಡಿದು ಹೋಗುತ್ತಿದ್ದ. ಒಮ್ಮೆ ಬಾಜು ಮನೆಯವರು ಯಾತ್ರೆಗೆ ಹೋದಾಗ ಅವರ ಕರಿಬೇವಿನ ಗಿಡ ಸೊರಗಿದೆ ಎಂದು ಸವರಿ ಗೊಬ್ಬರ ಹಾಕಿದ. ಅವರು ಬರುವಷ್ಟರಲ್ಲಿ ಗಿಡ ಕೈಲಾಸ ಸೇರಿತ್ತು. ಅವ್ವ ಬೈದರೆ ಅವನದು ಒಂದೇ ಉತ್ತರ: "ಛಲೋ ಕೆಲಸಕ್ಕ ಕೇಳೂದೇನ?"

ಅಂಥವನಿಗೆ ವರ್ಷದ ದೊಡ್ಡ ಹಬ್ಬ ಯಾವುದೆಂದರೆ ಬಾವಿಯ ರಾಡಿ ತೆಗೆಯುವ ದಿನ. ಬಾವಿಯ ತಳ ವರ್ಷಕ್ಕೊಮ್ಮೆ ಬಿಸಿಲು ಕಾಣಬೇಕು, ಇಲ್ಲದಿದ್ದರೆ ಸೆಲೆಯ ಕಣ್ಣು ಮುಚ್ಚುತ್ತದೆ ಎಂದು ಅವನು ನಂಬಿದ್ದ. ಅವತ್ತು ಅಂಗಡಿ ಬಂದ್. ಓಣಿಯ ಹುಡುಗಿಯರೆಲ್ಲ ನಮ್ಮ ಹಿತ್ತಲಲ್ಲಿ. ತಳದಿಂದ ಏನೇನು ಬರುತ್ತದೆ ಎಂದು ಕಟ್ಟೆಗೆ ಜೋತುಬಿದ್ದು ಕಾಯುತ್ತಿದ್ದೆವು. ಚಮಚ, ಚರಿಗೆ, ಯಾರದೋ ಒಂಟಿ ಚಪ್ಪಲಿ, ಅಕ್ಕನ ಕಾಲಿನಿಂದ ಬಿದ್ದ ಗೆಜ್ಜೆ ಎಲ್ಲ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ಕೊನೆಗೆ ಅಪ್ಪ ಧೋತರ ಎತ್ತಿ ಕಟ್ಟಿ ಹಗ್ಗ ಹಿಡಿದು ಇಳಿಯುತ್ತಿದ್ದ. ಕಲ್ಲಿನ ಸಂದಿನಿಂದ ಸೆಲೆ ಒಡೆದು ನೀರು ಬರುವುದನ್ನು ಅಂಗೈಯಲ್ಲಿ ಹಿಡಿದು, ಕುಡಿದು, ಮೇಲೆ ನಿಂತ ನಮಗೆ ಕೇಳುವಂತೆ ಬೆಲ್ಲ, ಬೆಲ್ಲ ಎನ್ನುತ್ತಿದ್ದ. ಆಮೇಲೆ ಸುಣ್ಣ, ಗಂಗವ್ವನ ಪೂಜೆ, ಎಲ್ಲರಿಗೂ ಚುರಮುರಿ, ಮಿರ್ಚಿ ಭಜಿ. ಆ ದಿನದ ಹಸಿ ಮಣ್ಣಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಷ್ಟು ಸುಖವಾಗಿದ್ದೆವು.

ಅಕ್ಕನನ್ನು ಕೊಟ್ಟದ್ದು ಬ್ಯಾಂಕಿನ ಕೆಲಸದ ಹುಡುಗನಿಗೆ. ಮದುವೆಯಾದ ವರ್ಷವೇ ಭಾವನಿಗೆ ಕಾರವಾರದ ಕಡೆ ವರ್ಗವಾಯಿತು. ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ ಒಂದು ಊರಿನಲ್ಲಿ ಅರ್ಧ ಮನೆ ಬಾಡಿಗೆಗೆ ಹಿಡಿದರು. ಉಳಿದರ್ಧದಲ್ಲಿ ಮನೆಯ ಒಡತಿ ಇದ್ದಳು. ಒಬ್ಬಂಟಿ ಮುದುಕಿ, ಊರಿಗೆಲ್ಲ ಆಯಿ. ಅಂಗಳದಲ್ಲಿ ಒಂದು ಬಾವಿ. ಆಯಿ, ಅಕ್ಕ ಮತ್ತು ಬಾಜುವಿನ ಮನೆಯವರು ಎಲ್ಲ ಅದರ ನೀರನ್ನೇ ಕುಡಿಯುತ್ತಿದ್ದರು.

ಅಕ್ಕ ಚೊಚ್ಚಲ ಬಾಣಂತನಕ್ಕೆ ಬೆಳಗಾವಿಗೆ ಬಂದಳು. ಮಗಳು ಹುಟ್ಟಿದಳು. ಕೂಸು ಕವುಚಿ ಬೀಳಲು ಕಲಿತ ಮೇಲೆ ಅವರನ್ನು ಬಿಟ್ಟುಬರಲು ಅಪ್ಪ ಹೊರಟ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನಾನೂ ಗಂಟು ಹೊರಲು ಹೊರಟೆ. ಖಾನಾಪುರ ದಾಟಿ, ಗುಂಜಿ ದಾಟಿ, ರಾಮನಗರ, ಜೋಯಿಡಾ, ಅಣಶಿ ಘಾಟ್ ಇಳಿದು ಬಸ್ಸು ಸಂಜೆಗೆ ಅಲ್ಲಿ ಮುಟ್ಟಿತು. ಆಗ ಸುಡುವ ವೈಶಾಖ. ಆಯಿ ಮಗಳ ಊರಿಗೆ ಹೋಗಿದ್ದಳು, ಎರಡು ದಿನ ಬಿಟ್ಟು ಬರುವವಳಿದ್ದಳು. ಭಾವ ಬ್ಯಾಂಕಿನ ತರಬೇತಿಗೆಂದು ಹುಬ್ಬಳ್ಳಿಯಲ್ಲಿದ್ದ.

ಮರುದಿನ ಬೆಳಿಗ್ಗೆ ಅಪ್ಪ ಬಾವಿಯೊಳಗೆ ಬಗ್ಗಿ ನೋಡಿದವನೇ ಮುಖ ಕಿವುಚಿದ. ಒಳಗೋಡೆಯ ತುಂಬ ಪಾಚಿ. ಮಾವಿನೆಲೆ, ತೆಂಗಿನ ಹೂವು ಕೊಳೆತು ತಳದಲ್ಲಿ ಕಪ್ಪಗೆ ಕೂತಿದ್ದವು. ನನ್ನ ಮೊಮ್ಮಗಳು ಈ ನೀರು ಕುಡಿಯಬೇಕೇ ಎಂದು ಅವನ ಜೀವ ಚುರುಕ್ಕೆಂದಿತು. ಬಾವಿ ಆಳವೇನಿಲ್ಲ, ನಮ್ಮದರ ಅರ್ಧಕ್ಕಿಂತ ಕಡಿಮೆ. ಒಂದು ಹಗಲಿನ ಕೆಲಸ ಎಂದ. ಇಲ್ಲಿಯವರು ಬಾವಿ ಬರಿದು ಮಾಡುವುದಿಲ್ಲ, ಎಲೆ ಬಿದ್ದರೆ ಬುಟ್ಟಿ ಬಿಟ್ಟು ಆರಿಸುತ್ತಾರೆ ಅಷ್ಟೇ, ಆಯಿ ಬರಲಿ, ಕೇಳೋಣ ಎಂದು ಅಕ್ಕ ಕೂಸನ್ನು ಹೆಗಲ ಮೇಲೆ ಹಾಕಿಕೊಂಡೇ ಮತ್ತೆ ಮತ್ತೆ ಹೇಳಿದಳು. ಅಪ್ಪ ನಕ್ಕ. ಈ ಮಂದಿ ಸೋಮಾರಿಗಳು, ಅದಕ್ಕೇ ಕೊಳೆ ನೀರು ಕುಡಿಯುತ್ತಾರೆ ಎಂದ. ಛಲೋ ಕೆಲಸಕ್ಕೆ ಕೇಳುವುದೇನು ಎಂದೂ ಎಂದ. ಪೇಟೆಗೆ ಹೋಗಿ ಡೀಸೆಲ್ ಪಂಪು ಬಾಡಿಗೆಗೆ ತಂದ.

ಬಾಜುವಿನ ಮನೆಯ ಗಂಡಸರು ಮೀನಿನ ಕೆಲಸಕ್ಕೆ ಹೋಗಿದ್ದರು. ಹೆಂಗಸರು ಬೇಲಿಯ ಹತ್ತಿರ ಬಂದು ಕೊಂಕಣಿಯಲ್ಲಿ ಏನೋ ಹೇಳಿದರು, ಬೇಡ ಎಂದು ಕೈಯಾಡಿಸಿದರು. ಅಪ್ಪ ಮರಾಠಿಯಲ್ಲಿ ಅವರಿಗೇ ಶುಚಿತ್ವದ ಪಾಠ ಹೇಳಿ ಪಂಪು ಚಾಲೂ ಮಾಡಿದ. ಸಂಜೆಗೆ ಬಾವಿ ಬರಿದಾಯಿತು. ತಳ ಕಂಡಿತು. ಅಪ್ಪ ಪಾಚಿ ಕೆರೆದ, ರಾಡಿ ಎತ್ತಿಸಿದ. ನಮ್ಮ ಬಾವಿಯ ಹಾಗೆ ಇಲ್ಲಿ ಕಲ್ಲಿನ ಸಂದಿಯ ಸೆಲೆ ಇರಲಿಲ್ಲ. ಮರಳಿನ ತಳದ ತುಂಬ ಎಲ್ಲ ಕಡೆಯಿಂದಲೂ ನೀರು ಉಕ್ಕಿ ಬರತೊಡಗಿತು. ಎಂಥ ಸೆಲೆ ನೋಡು, ಪಾಪ ಇಷ್ಟು ವರ್ಷ ಮುಚ್ಚಿಹೋಗಿತ್ತು ಎಂದು ಅಪ್ಪ ಹಿಗ್ಗಿದ. ಬೆಳಗಾಗುವಷ್ಟರಲ್ಲಿ ಬಾವಿಯಲ್ಲಿ ಕನ್ನಡಿಯಂಥ ತಿಳಿನೀರು ನಿಂತಿತ್ತು.

ಆ ನೀರಿನಲ್ಲಿ ಅಕ್ಕ ಚಹಾ ಮಾಡಿ ಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು ತಡೆದ. ಸಕ್ಕರೆಯ ಡಬ್ಬಿ ಬಿಟ್ಟು ಉಪ್ಪಿನ ಡಬ್ಬಿಗೆ ಕೈ ಹಾಕಿದೆಯಾ, ಬಾಣಂತನದಲ್ಲಿ ಬುದ್ಧಿ ಎಲ್ಲಿಟ್ಟೆ ಎಂದು ಛೇಡಿಸಿದ. ಅಕ್ಕ ನಗಲಿಲ್ಲ. ಎದ್ದು ಹೋಗಿ ಕೊಡದಿಂದ ಒಂದು ಲೋಟ ನೀರು ತಂದು ಮುಂದಿಟ್ಟಳು. ಬೆಲ್ಲದ ಊರು ಹೇಳುವ ಆ ನಾಲಿಗೆಗೆ ಮೊದಲ ಗುಟುಕಿನಲ್ಲೇ ತಿಳಿದಿತ್ತು ಎಂದು ನನಗೆ ಈಗಲೂ ಖಾತ್ರಿ. ಮನಸ್ಸು ಒಪ್ಪಲು ಲೋಟ ಪೂರ್ತಿ ಕುಡಿಯಬೇಕಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆಲ್ಲ ಹೇಳಿ ಬೆಳೆಸಿದವನ ಬಾಯಲ್ಲಿ ಬರೀ ಸವಳು.

ಆಯಿ ಆ ಮಧ್ಯಾಹ್ನವೇ ಬಂದಳು. ಬೇಲಿಯ ಹತ್ತಿರವೇ ಅವಳಿಗೆ ಸುದ್ದಿ ಮುಟ್ಟಿತು. ಚೀಲ ಕೆಳಗಿಟ್ಟು, ನೇರ ಬಾವಿಗೆ ಹೋಗಿ, ಒಂದು ಕೊಡ ಸೇದಿ ಬೊಗಸೆಯಲ್ಲಿ ಬಾಯಿಗೆ ಹಾಕಿಕೊಂಡು ಉಗುಳಿದಳು. ಅಪ್ಪ ಧಾವಿಸಿ ಹೋಗಿ, ರಾಡಿಯ ದೋಷ ಇನ್ನೂ ಉಳಿದಿದೆ, ಪಂಪು ಇಲ್ಲೇ ಇದೆ, ಇನ್ನೊಮ್ಮೆ ಪೂರ್ತಿ ತೆಗೆದರೆ ಸರಿಹೋಗುತ್ತದೆ ಎಂದ. ಆಯಿ ಹೋಗಿ ಪಂಪಿಗೆ ಅಡ್ಡ ನಿಂತಳು.

"ಸಾಹುಕಾರ್ರೆ, ಮೇಲಿದ್ದ ನೀರು ನಮ್ದು, ಅಡಿಗಿದ್ದದ್ದು ಸಮುದ್ರದ್ದು. ನಮ್ದನ್ನ ನೀವು ಪೂರಾ ತೆಗ್ದು ಚೆಲ್ಲಿದ್ರಿ. ಇನ್ನು ತೆಗ್ದಷ್ಟೂ ಅದೇ ಬರ್ತದೆ."

ಆ ಊರಿನಲ್ಲಿ ಅದು ಗುಟ್ಟೇನಲ್ಲ. ಮಳೆಗಾಲದಲ್ಲಿ ಇಂಗಿದ ಸಿಹಿನೀರು ಹಗುರ, ಅದು ನೆಲದೊಳಗಿನ ಉಪ್ಪುನೀರಿನ ಮೇಲೆ ಹಾಲಿನ ಮೇಲಿನ ಕೆನೆಯ ಹಾಗೆ ನಿಂತಿರುತ್ತದೆ. ಮೇಲಿಂದ ಮೇಲೆ ಸೇದಿಕೊಂಡರೆ ವರ್ಷವಿಡೀ ಸಿಗುತ್ತದೆ. ಬೇಸಿಗೆಯಲ್ಲಂತೂ ಆ ಕೆನೆ ತೆಳ್ಳಗಾಗಿರುತ್ತದೆ. ಅಲ್ಲಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ ಕಲ್ಲುನೆಲದ ಬೆಳಗಾವಿಯವನಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಬಾವಿಯ ಮೇಲಿನ ಪ್ರೀತಿಗೆ ಬರಿದು ಮಾಡುತ್ತೇವೆ. ಅವರು ಅದೇ ಪ್ರೀತಿಗೆ ತಳ ಮುಟ್ಟುವುದಿಲ್ಲ. ಅಪ್ಪ ಪಂಪಿನ ಪಕ್ಕ ನೆಲದ ಮೇಲೇ ಕೂತುಬಿಟ್ಟ. ನನಗೆ ಅದನ್ನು ನೋಡಲಾಗಲಿಲ್ಲ.

ಮರುದಿನದಿಂದ ಎಲ್ಲರೂ ಗುಡ್ಡದ ಬುಡದ ಬಾವಿಗೆ ಕೊಡ ಹೊತ್ತು ಹೋಗತೊಡಗಿದರು. ಬಾಜುವಿನ ಮನೆಯವನು ಅಪ್ಪನನ್ನು ನೋಡಿ, ಅಂಗಡಿಯಿಂದ ನಾಲ್ಕು ಪೆಂಟಿ ಬೆಲ್ಲ ತಂದು ಬಾವಿಗೆ ಹಾಕಿ ಸಾಹುಕಾರ್ರೆ ಎಂದ. ನಾವಿಬ್ಬರು ವಾಪಸು ಬಂದೆವು, ಅಕ್ಕ ಅಲ್ಲೇ ಉಳಿದಳು. ಆಯಿ ಅವಳ ಹತ್ತಿರ ಮಾತು ಬಿಟ್ಟಳು. ಕೂಸನ್ನು ಮಾತ್ರ ಎತ್ತಿಕೊಂಡು ಹೋಗಿ ಆಡಿಸಿ, ಮಾತಿಲ್ಲದೆ ತಂದು ಬಿಡುತ್ತಿದ್ದಳಂತೆ. ಬೇರೆ ಮನೆ ನೋಡೋಣ ಎಂದು ಭಾವ ಅಂದಾಗ ಅಕ್ಕ ಒಪ್ಪಲಿಲ್ಲ. ಬಾವಿ ಕೆಡಿಸಿ ಓಡಿಹೋದರು ಅನ್ನಿಸಿಕೊಂಡು ಹೋಗುವುದಿಲ್ಲ, ಅದರ ನೀರು ಮತ್ತೆ ಕುಡಿದೇ ಈ ಮನೆ ಬಿಡುತ್ತೇನೆ ಎಂದು ಹಟ ಹಿಡಿದಳು. ಹಟದಲ್ಲಿ ಅವಳು ಅಪ್ಪನ ಮಗಳೇ.

ಆ ವರ್ಷ ಅಪ್ಪ ನಮ್ಮ ಬಾವಿಯ ರಾಡಿ ತೆಗೆಸಲೇ ಇಲ್ಲ. ಅದರ ಬದಲು ವಾರಕ್ಕೊಮ್ಮೆ ಬಿಳಿ ಕ್ಯಾನುಗಳಲ್ಲಿ ನಮ್ಮ ಬಾವಿಯ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಕೂಸಿಗೆಂದು ಕಾರವಾರದ ಬಸ್ಸು ಹತ್ತುತ್ತಿದ್ದ. ನೀರು ಕಾರವಾರಕ್ಕೆ ಒಯ್ಯುತ್ತೀರಲ್ಲ ಯಜಮಾನ್ರ, ಅಲ್ಲಿಯ ಸಮುದ್ರ ಸಾಲುವುದಿಲ್ಲವೇ ಎಂದು ಕಂಡಕ್ಟರ್ ನಗೆಯಾಡುತ್ತಿದ್ದನಂತೆ. ಇಡೀ ಬಸ್ಸು ನಗುವಾಗ ಅಪ್ಪ ಕ್ಯಾನು ಕಾಲ ನಡುವೆ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದ. ಇದನ್ನು ಅವನೇ ಅವ್ವನಿಗೆ ಹೇಳಿದ್ದು, ತಾನು ಯಾರಿಗೋ ಏನೋ ತೀರಿಸುತ್ತಿದ್ದೇನೆ ಎನ್ನುವ ಹಾಗೆ. ಒಂದು ಕ್ಯಾನು ಆಯಿಯ ಹೊಸ್ತಿಲ ಮುಂದೆ ಇಟ್ಟುಬರುತ್ತಿದ್ದ. ಮುಂದಿನ ವಾರ ಅದು ಬಾಯಿಗೆ ಬಟ್ಟೆ ಬಿಗಿದ ಹಾಗೇ ಅಲ್ಲೇ ಇರುತ್ತಿತ್ತು.

ಮೊದಲ ಮಳೆ ಬಿದ್ದ ಕೂಡಲೇ ಅಪ್ಪ ನನ್ನ ಸೋದರಮಾವನಿಗೆ ಫೋನು ಮಾಡಿದ. ಅವ್ವನ ತವರು ಗುಂಜಿಯ ಹತ್ತಿರ. ಖಾನಾಪುರದ ಆ ಕಾಡಂಚಿನ ಮಳೆಯಲ್ಲಿ ಬೆಳೆದ ಮಾವನಿಗೆ ಹರಿಯುವ ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಕೈಗೆ ಹತ್ತಿದ ಕೆಲಸ. ಸಲಿಕೆ ಹಿಡಿದು ಅವನು ಗುಂಜಿಯಲ್ಲಿ ಬಸ್ಸು ಹತ್ತಿದ. ಅಕ್ಕನಿಗೆ ನೆರವಾಗಲೆಂದು ನಾನೂ ಹೋಗಿದ್ದೆ, ಹಾಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ.

ಜೋರು ಮಳೆ. ಅಪ್ಪ ಛತ್ರಿ ಹಿಡಿದು ಆಯಿಯ ಮೆಟ್ಟಿಲ ಕೆಳಗೆ ನಿಂತ, ಮೇಲೆ ಹತ್ತಲಿಲ್ಲ. ಆಯಿ ಒಳಗೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ ನೋಡಿ, ಮತ್ತೆ ಅಕ್ಕಿ ಆರಿಸತೊಡಗಿದಳು. ಅಪ್ಪನ ಧೋತರ ಮೊಣಕಾಲವರೆಗೆ ತೊಯ್ದಿತ್ತು.

"ಆಯಿ, ಈ ಸಲ ಕೇಳಾಕ ಬಂದೇನ್ರಿ," ಎಂದ ಅಪ್ಪ.

ಅವಳು ಮೊರದಲ್ಲಿದ್ದ ಅಕ್ಕಿ ಮುಗಿಯುವವರೆಗೆ ಅವನನ್ನು ಹಾಗೇ ನಿಲ್ಲಿಸಿದಳು. ನನಗೆ ಮೈ ಉರಿಯಿತು. ನನ್ನಪ್ಪ, ಪೇಟೆಯಲ್ಲಿ ಹತ್ತು ಮಂದಿ ಎದ್ದು ಕುರ್ಚಿ ಕೊಡುವ ಮನುಷ್ಯ ಎಂದು ಅನ್ನಿಸಿತು. ಈಗ ಯೋಚಿಸಿದರೆ ಅವಳು ಮಾಡಿದ್ದು ಸರಿ ಅನ್ನಿಸುತ್ತದೆ. ಕೇಳುವುದನ್ನು ಆಗಷ್ಟೇ ಕಲಿತವನು ಸ್ವಲ್ಪ ಹೊತ್ತು ಕಾಯುವುದನ್ನೂ ಕಲಿಯಲಿ. ಕೊನೆಗೆ ಅವಳು ಮೊರ ಬದಿಗಿಟ್ಟು, ಒಳಗೆ ಬನ್ನಿ, ನೆನೆದು ಜ್ವರ ಬಂದರೆ ಅದನ್ನೂ ನಾನೇ ನೋಡಬೇಕು ಎಂದಳು.

ಆ ಮಳೆಯಲ್ಲಿ ಅಪ್ಪ ಪ್ರತಿಯೊಂದನ್ನೂ ಕೇಳಿ ಮಾಡಿದ. ಹೆಂಚಿನ ಅಂಚಿಗೆ ತಗಡಿನ ದೋಣಿ ಕಟ್ಟಿ ಚಾವಣಿಯ ನೀರನ್ನು ಒಂದು ಕಡೆ ತರಬಹುದೇ, ಬಾವಿಯ ಮೇಲ್ಗಡೆ ಗುಂಡಿ ತೋಡಿ ಕಲ್ಲು ಮರಳು ತುಂಬಿ ಆ ನೀರನ್ನು ಇಂಗಿಸಬಹುದೇ ಎಂದು ಕೇಳಿದ. ಆಯಿ ಜಗಲಿಯ ಮೇಲೆ ಕೂತು ಅಲ್ಲಿ ಬೇಡ, ಇಲ್ಲಿ ಎಂದು ಬೆರಳು ತೋರಿಸುತ್ತಿದ್ದಳು. ಹಿಂದಿನ ಗದ್ದೆಯ ನೀರು ನೇರ ಹೊಳೆಗೆ ಓಡುತ್ತಿತ್ತು. ಮಾವ ಅದಕ್ಕೆ ಒಡ್ಡು ಹಾಕಿ ನೀರು ನಿಂತು ಇಂಗುವ ಹಾಗೆ ಮಾಡಿದ. ಬಾಜುವಿನವನೂ ಒಂದು ದಿನ ಮೂಗು ಮುರಿಯುತ್ತ ನೋಡಿ, ಮರುದಿನ ತಾನೂ ಸಲಿಕೆ ತಂದ. ಬೇಸಿಗೆಯಲ್ಲಿ ಯಾರೂ ಮೋಟರ್ ಹಚ್ಚಬಾರದು, ಗಡಗಡಿಗೆ ಹಗ್ಗ ಹಾಕಿ ಕೈಯಿಂದಲೇ ಸೇದಬೇಕು ಎಂದು ಆಯಿ ಎಲ್ಲರ ಹತ್ತಿರ ಮಾತು ತೆಗೆದುಕೊಂಡಳು. ಮಾತು ಬಿಟ್ಟ ಮೇಲೆ ಅವಳು ಅಕ್ಕನ ಹತ್ತಿರ ಮೊದಲ ಸಲ ಮಾತಾಡಿದ್ದು ಆ ದಿನ, ಇವರಿಗೆಲ್ಲ ಚಹಾ ಇಡು ಎಂದು.

ಆದರೂ ನೆಲದೊಳಗಿನ ಲೆಕ್ಕ ನಮ್ಮ ಅವಸರಕ್ಕೆ ಬಗ್ಗುವುದಿಲ್ಲ. ಆ ಮಳೆಗಾಲದಲ್ಲಿ ಬಾವಿ ತುಂಬಿತು, ಚಳಿಗಾಲದಲ್ಲಿ ಬಟ್ಟೆಗೆ ಪಾತ್ರೆಗೆ ಆಯಿತು, ಬೇಸಿಗೆ ಬಂದ ಕೂಡಲೇ ಮತ್ತೆ ಸವಳು ತಲೆ ಹಾಕಿತು. ಅಪ್ಪನ ಕ್ಯಾನುಗಳ ಓಡಾಟ ನಿಲ್ಲಲಿಲ್ಲ. ಆ ಬೇಸಿಗೆ ನಮ್ಮ ಬಾವಿಯ ರಾಡಿ ತೆಗೆಸಿದಾಗ ಮೊಣಕಾಲುದ್ದ ನೀರಿಗೆ ಪಂಪು ಬಂದ್ ಮಾಡಿಸಿದ. ಇಲ್ಲಿ ಕೆಳಗೆ ಕಲ್ಲಿದೆ, ಸಮುದ್ರವಿಲ್ಲ ಎಂದು ನಾನು ನಗುತ್ತ ನೆನಪಿಸಿದೆ. ಗೊತ್ತಿದೆ ಎಂದ. ತಳ ಕಂಡರೆ ನನಗೆ ಸಮುದ್ರ ಬಂದ ಹಾಗಾಗುತ್ತದೆ, ಅದರ ಪಾಲು ಅದಕ್ಕಿರಲಿ ಎಂದ. ನಾನು ನಗುವುದನ್ನು ನಿಲ್ಲಿಸಿದೆ.

ಇನ್ನೊಂದು ಮಳೆಗಾಲ ಕಳೆಯಿತು. ಮುಂದಿನ ವೈಶಾಖದಲ್ಲಿ ಅಕ್ಕ ಮಗಳನ್ನು ನಡೆಸಿಕೊಂಡು ಬೆಳಗಾವಿಗೆ ಬಂದಳು. ಬಸ್ಸಿಳಿದು ಮನೆಗೆ ಬಂದವಳೇ ನಡುಮನೆಯಲ್ಲಿ ಅಪ್ಪನ ಮುಂದೆ ಒಂದು ಬಿಳಿ ಕ್ಯಾನು ಇಟ್ಟಳು. ನಮ್ಮದೇ ಕ್ಯಾನು, ಅಪ್ಪ ಆಯಿಯ ಹೊಸ್ತಿಲಲ್ಲಿ ಇಟ್ಟುಬಂದಿದ್ದ ಆ ಕ್ಯಾನು. ಬಾಯಿಗೆ ಬಿಗಿದ ಬಟ್ಟೆ ಮಾತ್ರ ಬೇರೆಯದು, ಆಯಿ ಉಡುವ ಒಂಬತ್ತು ಗಜದ ನೌವಾರಿ ಸೀರೆಯ ಹರಕು. ಅಕ್ಕ ಅಡಿಗೆಮನೆಯಿಂದ ಲೋಟ ತಂದು ತುಂಬಿ ಅವನ ಕೈಗೆ ಕೊಟ್ಟಳು.

ಅಪ್ಪ ಲೋಟ ಬಾಯಿಯವರೆಗೆ ಒಯ್ದು ಕೆಳಗಿಳಿಸಿದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ನಾವೆಲ್ಲ ಆ ನಾಲಿಗೆಯ ತೀರ್ಪಿಗೆ ಕಾದಿದ್ದೆವು, ಅವನು ಮಾತ್ರ ಅಕ್ಕನ ಮುಖ ನೋಡುತ್ತಿದ್ದ.

"ಇದನ್ನ ತರೂ ಮುಂದ ಆಯಿನ್ನ ಕೇಳಿದ್ಯೇನವಾ?"

"ನಾ ಏನ ಕೇಳ್ಲಿ ಅಪ್ಪಾ," ಎಂದಳು ಅಕ್ಕ. "ಅಕೀನ ಸೇದಿ, ಕುಡದ ನೋಡಿ, ತುಂಬಿ, ನಿನಗ ಕೊಟ್ಟ ಕಳಿಸ್ಯಾಳ."

ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು, ನಡುವೆ ಉಸಿರೂ ತೆಗೆದುಕೊಳ್ಳದೆ ಪೂರ್ತಿ ಕುಡಿದ. ಖಾಲಿ ಲೋಟವನ್ನು ಮತ್ತೆ ಅಕ್ಕನ ಮುಂದೆ ಹಿಡಿದ. ಅಳುತ್ತಿದ್ದ.